ಲಕ್ಷ ಗೇಟಿನ ಬೋರ್ಡು, ಒಂದು ಗೇಣು ಕೊಸರು

ಅಳತೆಯ ವಿಷಯದಲ್ಲಿ ನನಗೆ ಟೋಪಿ ಹಾಕುವ ಮನುಷ್ಯ ಇನ್ನೂ ಹುಟ್ಟಿಲ್ಲ ಎಂದು ನಾನು ಬಹಳ ಕಾಲದಿಂದ ನಂಬಿಕೊಂಡು ಬಂದಿದ್ದೆ. ಇದು ಜಂಬದ ಮಾತಲ್ಲ, ಊರಿನ ಗುಣ. ಹೂವಿನಹಡಗಲಿಯಲ್ಲಿ ಹುಟ್ಟಿದ ಕೂಸು ಅಂಬೆಗಾಲಿಡುವ ಮುಂಚೆಯೇ ಮಾರು ಅಳೆಯುವುದನ್ನು ಕಲಿಯುತ್ತದೆ. ಕಟ್ಟಿದ ಮಲ್ಲಿಗೆಯ ಮಾಲೆಯನ್ನು ಎರಡೂ ಕೈ ಅಗಲಿಸಿ ಹಿಡಿದರೆ ಒಂದು ಮಾರು. ಆದರೆ ಆ ಕೈ ಯಾರದು ಎನ್ನುವುದೇ ಇಡೀ ವ್ಯಾಪಾರದ ಮರ್ಮ! ನಮ್ಮಜ್ಜಿ ಹೂ ಕೊಳ್ಳಲು ಹೋದರೆ ಸಂತೆಯಲ್ಲೆಲ್ಲ ಸುತ್ತಿ ಎತ್ತರದ ಹೂವಾಡಗಿತ್ತಿಯನ್ನೇ ಹುಡುಕುತ್ತಿದ್ದಳು. ಅದೇ ಅಜ್ಜಿ ಹೂ ಮಾರಲು ಕೂತಾಗ ಗಿಡ್ಡ ಕೈಯ ನಮ್ಮ ಚಿಕ್ಕಮ್ಮನನ್ನು ಮುಂದೆ ಕೂರಿಸುತ್ತಿದ್ದಳು.

ಇಷ್ಟರ ಮೇಲೆ ಕೊಸರು. ಮಾರು ಅಳೆದಾದ ಮೇಲೆ, ದಾರ ಹರಿಯುವ ಮುನ್ನ, ಇನ್ನೊಂದು ಗೇಣು ಮುಂದಕ್ಕೆ ಬಿಡುವುದು. ಅದು ಲೆಕ್ಕದಲ್ಲಿ ಬರುವುದಿಲ್ಲ. ಕೇಳಿ ಪಡೆಯುವುದೂ ಅಲ್ಲ, ಬಿಡದಿದ್ದರೆ ಕ್ಷಮಿಸುವುದೂ ಇಲ್ಲ. "ಕೊಸರು ಬಿಡದ ಮನಿಗೆ ಹೆಣ್ಣು ಕೊಡಬ್ಯಾಡ್ರಿ" ಎಂದು ಅಜ್ಜಿ ಸಾಯುವವರೆಗೂ ಹೇಳುತ್ತಿದ್ದಳು.

ನನ್ನನ್ನು ಮುಳುಗಿಸಿದ್ದು ಆ ಕೊಸರೇ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಅಂಗಡಿ. ಒಂದೇ ಕೋಣೆ, ಎರಡು ಸಂಸ್ಥಾನ. ಎಡಗಡೆ ನಾನು, ಮಲ್ಲೇಶಪ್ಪ, ಟಿವಿ, ಮಿಕ್ಸರ್, ಪಂಪಿನ ಸ್ಟಾರ್ಟರ್ ರಿಪೇರಿ ಮಾಡುತ್ತೇನೆ. ಬಲಗಡೆ ನನ್ನ ಹೆಂಡತಿ ಶಾರದಾ ಮಲ್ಲಿಗೆ ಕಟ್ಟಿ ಮಾರುತ್ತಾಳೆ. ನಮ್ಮಲ್ಲಿಂದ ಹೋದ ಟಿವಿಗಳೆಲ್ಲ ಮಲ್ಲಿಗೆಯ ಘಮ ಬೀರುತ್ತವೆ, ನಮ್ಮಲ್ಲಿಂದ ಹೋದ ಹೂಗಳು ಸ್ವಲ್ಪ ಸುಟ್ಟ ವೈರಿನ ವಾಸನೆ ಹೊಡೆಯುತ್ತವೆ. ಗಿರಾಕಿಗಳು ಹೊಂದಿಕೊಂಡಿದ್ದಾರೆ.

ನನ್ನ ತಂಗಿ ಗಂಗಾಳನ್ನು ಕೊಟ್ಟಿರುವುದು ಕೊಟ್ಟೂರಿಗೆ. ಭಾವ ಕೊಟ್ರಬಸಪ್ಪನವರದು ಮಂಡಕ್ಕಿ ಭಟ್ಟಿ. ಈಚೆಗೆ ಅವರ ಮಗಳು ಚೈತ್ರಾಳ ಮದುವೆ ನಿಶ್ಚಯವಾಯಿತು. ಹುಡುಗ ಹರಪನಹಳ್ಳಿಯವನು, ಹೆಸರು ಹಾಲೇಶ. ಮದುವೆ ಕೊಟ್ಟೂರಿನ ಮಂಟಪದಲ್ಲಿ. ಮಾತುಕತೆಗೆಂದು ನಾನೂ ಶಾರದಾಳೂ ಹೋಗಿದ್ದೆವು. ಅಡುಗೆಯವರು, ವಾಲಗದವರು, ಹೂವು ಎಲ್ಲ ಮುಗಿದು ದೀಪಾಲಂಕಾರಕ್ಕೆ ಬಂತು.

"ಹರಪನಹಳ್ಳಿ ಲೈಟಿನವನಿಗೆ ಹೇಳೀನಿ" ಎಂದರು ಭಾವ. "ಮಂಟಪದ ಬಾಗಲ ಮ್ಯಾಲೆ ಹುಡುಗ ಹುಡುಗಿ ಹೆಸರು ಓಡೋ ಬೋರ್ಡು ಹಾಕ್ತಾನಂತ."

ನನಗೆ ಒಳಗಿನಿಂದ ಏನೋ ಎದ್ದು ಬಂತು. ಕಲೆ, ವಿಜ್ಞಾನ, ಸೋದರಮಾವನ ಕರ್ತವ್ಯ ಮೂರೂ ಒಟ್ಟಿಗೆ ಎದ್ದವು.

"ಭಾವ, ಅವನಿಗೆ ಬ್ಯಾಡ ಅಂದುಬಿಡ್ರಿ" ಎಂದೆ. "ಮನಿಯಾಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ ಸೋದರಮಾವ ಇರುವಾಗ ಬಜಾರಿನ ಬೋರ್ಡಾ? ನಾನ ಮಾಡ್ತೀನಿ. ಹೆಸರು ಓಡೋದಷ್ಟ ಅಲ್ಲ, ಹೆಸರಿನ ಮ್ಯಾಲೆ ಮಲ್ಲಿಗಿ ಉದುರಬೇಕು. ಹಂಗ ಮಾಡ್ತೀನಿ."

ಶಾರದಾ ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿದಳು.

"ಅಲ್ರೀ, ಲಗ್ನ ಅದು. ನಮ್ಮನಿ ಮಿಕ್ಸರ್ ಅಲ್ಲ."

"ಮಿಕ್ಸರಿಗೆ ಏನಾಗೇತಿ ಈಗ?"

"ಏನೂ ಆಗಿಲ್ಲ. ನೀವು ರಿಪೇರಿ ಮಾಡಿದಾಗಿಂದ ಏನೂ ಆಗವಲ್ದು. ತಿರಗವಲ್ದು."

ನಾನು ಇದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಆದರೆ ಗಂಗಾ ನನ್ನನ್ನು ಅಡುಗೆಮನೆಗೆ ಕರೆದು ಕೈ ಹಿಡಿದುಕೊಂಡಳು. "ಅಣ್ಣ, ಲೈಟಿನವನಿಗೆ ಬ್ಯಾಡ ಅಂದ ಮ್ಯಾಲೆ ತಿರುಗಿ ಸಿಗಂಗಿಲ್ಲ. ಲಗ್ನದ ಸೀಜನ್ನು. ಆ ರೋಡಿನಾಗ ಸಾಲಿಗೆ ಮಂಟಪ ಅದಾವ. ಬೀಗರು ಬಾಗಲ ಮ್ಯಾಲಿನ ಹೆಸರು ನೋಡೇ ಒಳಗ ಬರಬೇಕು. ಬಾಗಲು ಕತ್ಲ ಇಟ್ಟೆಪ್ಪ ಅಂದ್ರ ನನ್ನ ಮಾರಿ ಹೋಗತೈತಿ ನೋಡು."

"ಗಂಗಾ," ಎಂದೆ ಗಂಭೀರವಾಗಿ, "ಆ ಬಾಗಲು ಹೆಂಗ ಬೆಳಗತೈತಿ ಅಂದ್ರ, ಕೂಡ್ಲಿಗಿಯಿಂದ ಬರೋರಿಗೂ ಕಾಣಬೇಕು!"

ಆ ಉತ್ಸಾಹದಲ್ಲೇ ಪಡಸಾಲೆಗೆ ಬಂದು ಇನ್ನೊಂದು ಮಾತು ಕೊಟ್ಟುಬಿಟ್ಟೆ. ವಧೂವರರ ಹೆಸರಿನ ಹಿಂದೆ ಎರಡೂ ಕಡೆಯ ಹಿರಿಯರ ಹೆಸರುಗಳನ್ನೂ ಓಡಿಸುತ್ತೇನೆ, ಬಣ್ಣ ಬಣ್ಣದಲ್ಲಿ! ಅಲ್ಲೇ ಗೋಡೆಗೊರಗಿ ಕೂತಿದ್ದ ಭಾವನ ಅಣ್ಣ ವೀರಭದ್ರಪ್ಪನವರು ಇದನ್ನು ಕೇಳಿ ಮೊದಲ ಬಾರಿಗೆ ನನ್ನನ್ನು ಮನುಷ್ಯನೆಂದು ಗುರುತಿಸಿದರು.

"ನನ್ನ ಹೆಸರು ಎಷ್ಟನೇದು ಬರತೈತಪ?"

"ಮೊದಲನೇದು ನಿಮ್ಮದ ದೊಡ್ಡ ಭಾವ."

ಅವರು ಮೀಸೆ ಸವರಿಕೊಂಡರು. ಹಡಗಲಿಗೆ ಬರುವ ಬಸ್ಸಿನಲ್ಲಿ ಮತ್ತೂ ಅನೇಕರಿಗೆ ಮೊದಲನೆಯ ಹೆಸರು ನಿಮ್ಮದೇ ಎಂದು ಫೋನಿನಲ್ಲಿ ಮಾತು ಕೊಟ್ಟೆ.

ಈಗ ತಾಂತ್ರಿಕ ವಿಷಯ. ಹೆದರಬೇಡಿ, ನಾನಿದ್ದೇನೆ.

ಇಂಥ ಬೋರ್ಡು ನಡೆಸಲು ಬಜಾರಿನಲ್ಲಿ ಸಿದ್ಧ ಕಾರ್ಡು ಸಿಗುತ್ತದೆ, ಸೋಪಿನ ಡಬ್ಬಿಯಷ್ಟು. ಹರಪನಹಳ್ಳಿಯವನು ಬಳಸುವುದೂ ಅದನ್ನೇ. ಅದು ನನಗೆ ಬೇಕಿರಲಿಲ್ಲ. ನಾನು ಆರಿಸಿಕೊಂಡದ್ದು ನಮಗೆ ಬೇಕಾದ ಹಾಗೆ ನಾವೇ ರೂಪಿಸಿಕೊಳ್ಳುವ ಎಲೆಕ್ಟ್ರಾನಿಕ್ ಚಿಪ್ಪು. ಅದರೊಳಗೆ ಗೇಟುಗಳು ಎಂಬ ಅತಿಸಣ್ಣ ಪಂಚರು ಕೂತಿರುತ್ತಾರೆ. ಅವರ ಕೆಲಸ ಹೌದು ಅಥವಾ ಅಲ್ಲ ಎಂದು ತೀರ್ಪು ಕೊಡುವುದು. ಗಂಡ ಹೆಂಡತಿ ಇಬ್ಬರೂ ಹೂಂ ಅಂದರೆ ಮಾತ್ರ ಹೂಂ ಅನ್ನುವ ಗೇಟು ಒಂದು ಬಗೆ. ಇಬ್ಬರಲ್ಲಿ ಯಾರು ಅಂದರೂ ಸಾಕು ಅನ್ನುವ ಗೇಟು ಇನ್ನೊಂದು ಬಗೆ. ನಮ್ಮ ಮನೆಯಲ್ಲಿ ನಡೆಯುವ ಬಗೆ ಯಾವ ಪುಸ್ತಕದಲ್ಲೂ ಇಲ್ಲ. ಯಾವ ಪಂಚ ಯಾರ ಮಾತು ಕೇಳಬೇಕು ಎಂದು ಹೊಂದಿಸುವ ಕೆಲಸ ಮಾತ್ರ ನಮ್ಮದು. ಖಾಲಿ ಮಂಟಪ ಬಾಡಿಗೆಗೆ ಹಿಡಿದ ಹಾಗೆ. ಮದುವೆ ಮಾಡುತ್ತೀರೋ, ತೊಟ್ಟಿಲು ಶಾಸ್ತ್ರ ಮಾಡುತ್ತೀರೋ ನಿಮ್ಮಿಷ್ಟ.

ಚಿಪ್ಪು ಎಷ್ಟು ದೊಡ್ಡದು ಎಂದು ತಿಳಿಯಲು ಕಂಪನಿಯವರು ಗೇಟಿನ ಸಂಖ್ಯೆ ಹೇಳುತ್ತಾರೆ. ನಾನು ಮೊಬೈಲಿನಲ್ಲಿ ವಿವರಗಳನ್ನು ಇಳಿಸಿಕೊಂಡು ಓದಿದೆ. ಮೊದಲ ಪುಟವನ್ನು ಬಹಳ ಆಳವಾಗಿ ಓದಿದೆ. ಅಲ್ಲಿ ದಪ್ಪಕ್ಷರದಲ್ಲಿ 'ಒಂದು ಲಕ್ಷ ಗೇಟು' ಎಂದಿತ್ತು. ಮುಂದಿನ ಪುಟಗಳನ್ನು ಓದುವ ಅಗತ್ಯವಾದರೂ ಏನು! ಇನ್ನೊಂದು ಕಂಪನಿಯ ಚಿಪ್ಪಿನ ಮೇಲೆ ಇದರ ಅರ್ಧದಷ್ಟೇ ಸಂಖ್ಯೆ ಇತ್ತು. ಪಾಪ, ಬಡವ ಎಂದುಕೊಂಡು ಮುಂದೆ ಸರಿದೆ.

ಆಮೇಲೆ ನನಗೆ ಎಷ್ಟು ಗೇಟು ಬೇಕು ಎಂದು ಎಣಿಸಲು ಕೂತೆ. ಮಲ್ಲಿಗೆ ಉದುರಲು ಇಷ್ಟು, ಬಣ್ಣಕ್ಕೆ ಇಷ್ಟು, ವಧೂವರರಿಗೆ ಇಷ್ಟು, ಹಿರಿಯರಿಗೆ ತಲೆಗಿಷ್ಟು. ಕೂಡಿಸಿದರೆ ಒಂದು ಲಕ್ಷವನ್ನು ಚೂರೇ ಚೂರು ದಾಟಿತು.

ಬೇರೆ ಊರಿನವನಾಗಿದ್ದರೆ ಇಲ್ಲಿ ನಿಂತು ಯೋಚಿಸುತ್ತಿದ್ದ. ಮುಂದಿನ ದೊಡ್ಡ ಚಿಪ್ಪು ತರಿಸುತ್ತಿದ್ದ. ಆದರೆ ನಾನು ಹಡಗಲಿಯವನು! ಲಕ್ಷ ಎಂದು ಎದೆ ತಟ್ಟಿ ಬರೆದವನು ಒಂದು ಗೇಣು ಕೊಸರು ಬಿಡದೆ ಇರುತ್ತಾನೆಯೇ? ಮಲ್ಲಿಗೆ ಕಟ್ಟುವ ಹೆಂಗಸಿಗೆ ಇರುವ ಮರ್ಯಾದೆ ಅಷ್ಟು ದೊಡ್ಡ ಕಂಪನಿಗೆ ಇರುವುದಿಲ್ಲವೇ?

"ಮ್ಯಾಲಿನ ಚೂರು ಕೊಸರಿನಾಗ ಹೋಗತೈತಿ" ಎಂದು ಶಾರದಾಳಿಗೆ ಹೇಳಿದೆ.

"ಅವರು ನಮ್ಮೂರೋರಾ?" ಎಂದಳು.

ಪಾರ್ಸೆಲ್ ಬಂತು. ಬಿಚ್ಚಿ ತೋರಿಸಿದೆ. ಶಾರದಾ ಚಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದಳು.

"ಇಷ್ಟಾ? ಇದರಾಗ ಲಕ್ಷ ಕುಂತಾವಾ?"

"ಕುಂತಾವ."

"ಒತ್ತೊತ್ತಾಗಿ ಕುಂತಿರಬೇಕು ಬಿಡ್ರಿ."

ಮೊದಲಿಗೆ ಪರೀಕ್ಷೆಗಾಗಿ ಒಂದು ಸಾಲು ತುಂಬಿದೆ. ಏನು ತುಂಬುವುದು? ಕಲಾವಿದ ಚಿತ್ರದ ಮೂಲೆಯಲ್ಲಿ ಸಹಿ ಹಾಕುವುದಿಲ್ಲವೇ? 'ತಯಾರಿಕೆ: ಮಲ್ಲೇಶಪ್ಪ, ಹೂವಿನಹಡಗಲಿ'. ದೀಪಗಳು ಅದನ್ನು ಎಡದಿಂದ ಬಲಕ್ಕೆ ಓಡಿಸಿದಾಗ ನನ್ನ ಕಣ್ಣು ಒದ್ದೆಯಾಯಿತು. ಅಷ್ಟೇ ಅಲ್ಲ, ಮುಂದೆ ಬೇರೇನಾದರೂ ತುಂಬುವಾಗ ಕೆಟ್ಟರೆ ಬೋರ್ಡು ಕತ್ತಲಾಗದಿರಲಿ, ಈ ಮೊದಲನೆಯ ಸಾಲೇ ತಾನಾಗಿ ಬರಲಿ ಎಂದು ಒಂದು ಮುಂಜಾಗ್ರತೆಯನ್ನೂ ಮಾಡಿಟ್ಟೆ. ನನ್ನ ಜಾಣತನದ ಬಗ್ಗೆ ನನಗೇ ಭಯವಾಗುತ್ತದೆ ಒಮ್ಮೊಮ್ಮೆ.

ಆಮೇಲೆ ಪೂರ್ತಿ ಕೆಲಸವನ್ನು ಲ್ಯಾಪ್‌ಟಾಪಿಗೆ ಕೊಟ್ಟು, ಚಿಪ್ಪಿನಲ್ಲಿ ಹೊಂದಿಸು ಎಂದೆ. ಅದು ಬಹಳ ಹೊತ್ತು ಯೋಚಿಸಿತು. ಚಹಾ ಕುಡಿದು ಬಂದೆ. ಇನ್ನೂ ಯೋಚಿಸುತ್ತಿತ್ತು. ಕೊನೆಗೆ ಕೆಂಪಕ್ಷರದಲ್ಲಿ ಉತ್ತರ ಬಂತು: ಹಿಡಿಸುವುದಿಲ್ಲ. ಈ ಕೆಲಸಕ್ಕೆ ಇಂಥ ಚಿಪ್ಪು ಒಂದಲ್ಲ, ಎರಡೂವರೆ ಬೇಕು!

ಕೊಸರು ಹೋಗಲಿ, ಮಾರೇ ಇರಲಿಲ್ಲ.

ಆಗ ಎರಡನೆಯ ಪುಟ ತೆರೆದೆ. ಈ ಸಲ ಕೊನೆಯವರೆಗೂ ಓದಿದೆ. ಚಿಪ್ಪಿನೊಳಗೆ ಗೇಟುಗಳು ಬಿಡಿಬಿಡಿಯಾಗಿ ಇರುವುದೇ ಇಲ್ಲ! ಇರುವುದು ಸಣ್ಣ ಸಣ್ಣ ಕೋಣೆಗಳು. ಒಂದೊಂದು ಕೋಣೆಯಲ್ಲಿ ಹತ್ತಾರು ಗೇಟಿನ ಕೆಲಸ ಹಿಡಿಸಬಹುದು, ಒತ್ತಿ ತುಂಬಿದರೆ. ಮದುವೆ ಮಂಟಪದ ರೂಮಿನಂತೆ. ಹತ್ತು ಜನ ಮಲಗಬಹುದು ನಿಜ, ಆದರೆ ಬೀಗರ ಅಜ್ಜಿಯೊಬ್ಬಳು ಮಧ್ಯದಲ್ಲಿ ಚಾಪೆ ಹಾಸಿ ಮಲಗಿದಳೆಂದರೆ ಆ ರೂಮು ಹೋಯಿತು. ಕಂಪನಿಯವನು ಎಲ್ಲ ರೂಮಿನಲ್ಲೂ ಹತ್ತತ್ತು ಜನ ಎಂದು ಎಣಿಸಿದ್ದ. ನನ್ನ ವಿನ್ಯಾಸದಲ್ಲಿ ರೂಮಿಗೊಬ್ಬ ಅಜ್ಜಿ ಇದ್ದಳು. ಸಾಲದ್ದಕ್ಕೆ ಮಾಹಿತಿ ಇಡುವ ಉಗ್ರಾಣವನ್ನೂ ಅವನು ಗೇಟುಗಳಾಗಿ ಪರಿವರ್ತಿಸಿ ಲಕ್ಷದಲ್ಲಿ ಸೇರಿಸಿದ್ದ. ಕೊಟ್ಟಿಗೆ, ಕಣಜ, ಬಚ್ಚಲು ಎಲ್ಲ ಸೇರಿಸಿ ನಮ್ಮ ಮನೆಯಲ್ಲಿ ನೂರು ಜನ ಮಲಗಬಹುದು ಎಂದ ಹಾಗೆ! ಇನ್ನು ಆ ಅರ್ಧ ಸಂಖ್ಯೆಯ ಬಡವ? ಅವನು ಉಗ್ರಾಣ ಬಿಟ್ಟು ಬರೀ ರೂಮು ಎಣಿಸಿದ್ದ. ಅವನ ಚಿಪ್ಪು ಇದಕ್ಕಿಂತ ದೊಡ್ಡದಿತ್ತು.

ಅಜ್ಜಿ ಎತ್ತರದ ಹೂವಾಡಗಿತ್ತಿಯನ್ನು ಹುಡುಕುತ್ತಿದ್ದಳು. ಮೊಮ್ಮಗ ಗಿಡ್ಡ ಕೈಯನ್ನು ಹುಡುಕಿ ತಂದಿದ್ದ. ಅದರ ಕೊಸರನ್ನೂ ನಂಬಿದ್ದ.

ಬೇರೆ ಚಿಪ್ಪು ತರಿಸಲು ಹೊತ್ತಿರಲಿಲ್ಲ. ಹರಪನಹಳ್ಳಿಯ ಲೈಟಿನವನು ಬೇರೆ ಮದುವೆ ಒಪ್ಪಿಕೊಂಡಿದ್ದ. ನಾನು ಧೈರ್ಯಗೆಡಲಿಲ್ಲ. ಭಾವನಿಗೆ ಫೋನು ಮಾಡಿ, ತಪ್ಪು ನನ್ನದಲ್ಲ, ಎಣಿಕೆಯ ಪದ್ಧತಿಯದು ಎಂದು ಅವರಿಗೆ ಅರ್ಥವಾಗುವ ಭಾಷೆಯಲ್ಲೇ ವಿವರಿಸಿದೆ.

"ಭಾವ, ಒಂದು ಸೇರು ಅಕ್ಕಿ ಹುರಿದರ ಎಷ್ಟು ಮಂಡಕ್ಕಿ ಆಗತೈತಿ? ಪುಟ್ಟಿ ತುಂಬತೈತಿ. ಅವರು ಮಂಡಕ್ಕಿ ಅಳದು ಲಕ್ಷ ಅಂದಾರ. ನಾನು ಅಕ್ಕಿ ಅಂತ ತಿಳ್ಕೊಂಡೆ."

ಭಾವ ಫೋನು ಹಿಡಿದುಕೊಂಡು ಭಟ್ಟಿಯ ಸದ್ದಿನಿಂದ ದೂರ ಬಂದರು.

"ಮಲ್ಲೇಶಪ್ಪ," ಎಂದರು ಭಾವ ನಿಧಾನವಾಗಿ, "ಇಷ್ಟು ಚಂದ ತಿಳಿದೋನು, ತಗೊಳ್ಳಾಕ ಮುಂಚೆ ತಿಳಿದಿದ್ರ ಏನಾಗತಿತ್ತು?"

ಸಮಂಜಸವಾದ ಪ್ರಶ್ನೆ. ಸಿಗ್ನಲ್ ಇಲ್ಲ ಎಂದು ಫೋನಿಟ್ಟೆ.

ಕಡಿಯುವುದು ಅನಿವಾರ್ಯವಾಯಿತು. ಮೊದಲು ಉದುರುವ ಮಲ್ಲಿಗೆಯನ್ನು ಕಡಿದೆ. "ಹೂ ಉದುರೋದು ಶುಭ ಅಲ್ಲ ಬಿಡ್ರಿ" ಎಂದು ಶಾರದಾ ಸಮಾಧಾನ ಹೇಳಿದಳು. ಬಣ್ಣ ಕಡಿದೆ. ಬಿಳಿಯೊಂದೇ ಉಳಿಯಿತು. ಶಾಂತಿಯ ಸಂಕೇತ! ಆದರೂ ಹಿಡಿಸಲಿಲ್ಲ. ಇನ್ನುಳಿದದ್ದು ಹಿರಿಯರು.

ಮದುವೆ ಪತ್ರಿಕೆಯಲ್ಲಿ ಒಬ್ಬರ ಹೆಸರು ಬಿಟ್ಟುಹೋದರೆ ಎರಡು ತಲೆಮಾರು ಮಾತು ನಿಲ್ಲುವ ಸೀಮೆ ನಮ್ಮದು. ಇಲ್ಲಿ ನಾನು ಡಜನ್ನುಗಟ್ಟಲೆ ಹಿರಿಯರನ್ನು ನನ್ನ ಕೈಯಾರೆ ಅಳಿಸಬೇಕಿತ್ತು. ಒಬ್ಬೊಬ್ಬರನ್ನು ತೆಗೆದು, ಹಿಡಿಸೀತೇ ಎಂದು ಲ್ಯಾಪ್‌ಟಾಪನ್ನು ಕೇಳುತ್ತ ಹೋದೆ. ಹಿರೇಹಡಗಲಿಯ ಮಾವನವರನ್ನು ತೆಗೆದೆ. ಇಲ್ಲ ಎಂದಿತು. ಕೂಡ್ಲಿಗಿಯ ಅತ್ತೆಯನ್ನು ತೆಗೆದೆ. ಇಲ್ಲ ಎಂದಿತು. ಹೊಟ್ಟೆಬಾಕ ಯಂತ್ರ, ಬಂಧುಗಳನ್ನು ನುಂಗುತ್ತಲೇ ಹೋಯಿತು. ಕಟ್ಟಕಡೆಗೆ ವೀರಭದ್ರಪ್ಪನವರನ್ನು ಕಣ್ಣು ಮುಚ್ಚಿಕೊಂಡು ಅಳಿಸಿದೆ. ಹಿಡಿಸಿತು!

ಉಳಿದದ್ದು: 'ಚೈತ್ರಾ – ಹಾಲೇಶ'. ಚಿಪ್ಪು ಕಂಠಪೂರ್ತಿ. ಒಂದು ಚೂರು ಮಾತ್ರ ಖಾಲಿ ಎಂದು ಲ್ಯಾಪ್‌ಟಾಪು ತೋರಿಸಿತು. ಒಂದು ಗೇಣು.

ಆ ಗೇಣನ್ನು ನಾನು ನೋಡಬಾರದಿತ್ತು.

ಆರತಕ್ಷತೆಯ ಸಂಜೆ. ಬೋರ್ಡನ್ನು ಮಂಟಪದ ಬಾಗಿಲ ಮೇಲೆ ಕಟ್ಟಿದ್ದೆವು. ದೊಡ್ಡ ಕಪ್ಪು ಹಲಗೆ, ಸಾಲು ಸಾಲು ಬಿಳಿ ದೀಪ, ಅದರ ಮೇಲೆ ವಧೂವರರ ಹೆಸರು ಸೊಗಸಾಗಿ ಓಡುತ್ತಿತ್ತು. ಗಂಗಾ ಹೊರಗೆ ಬಂದು ನೋಡಿ, "ಚಂದ ಐತಿ ಅಣ್ಣ" ಎಂದು ಕಣ್ಣೊರೆಸಿಕೊಂಡಳು. ಕತೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಸುವ ಬುದ್ಧಿ ಎಲ್ಲರಿಗೂ ಇರುವುದಿಲ್ಲ.

ವೀರಭದ್ರಪ್ಪನವರು ಹೊರಗೆ ಕುರ್ಚಿ ಹಾಕಿಸಿಕೊಂಡು ಬೋರ್ಡಿನ ಕಡೆ ಮುಖ ಮಾಡಿ ಕೂತಿದ್ದರು. ಹೆಸರು ಒಂದು ಸುತ್ತು ಬಂತು. ಎರಡು ಸುತ್ತು ಬಂತು. ಅವರು ಕಾದರು.

"ಮಲ್ಲೇಶಪ್ಪ, ನನ್ನ ಹೆಸರು ಇನ್ನೂ ಹೊಂಟಿಲ್ಲೇನು ಹಡಗಲಿಯಿಂದ?"

"ದೊಡ್ಡ ಭಾವ, ಜಾಗ ಸ್ವಲ್ಪ…"

"ಜಾಗ ಇಲ್ಲಾ? ಲಕ್ಷ ಅದಾವ ಅಂದಿ. ಲಕ್ಷದಾಗ ನನಗೊಂದು ಇಲ್ಲಾ?" ಅವರು ಎದ್ದು ರುಮಾಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಆತು ಬಿಡು. ಜಾಗ ಇಲ್ಲದ ಕಡೆ ನಾವ್ಯಾಕ ಇರಬೇಕು? ಊಟಕ್ಕೂ ಜಾಗ ಇರಂಗಿಲ್ಲ."

ಹುಡುಗಿಯ ದೊಡ್ಡಪ್ಪ ಊಟ ಮಾಡದೆ ಹೊರಟರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ನನಗೆ ಆ ಒಂದು ಗೇಣು ನೆನಪಾಯಿತು. ಅಲ್ಲಿತ್ತಲ್ಲ, ಕೊಸರು! ಕಂಪನಿಯವನು ಕೊನೆಗೂ ಮರ್ಯಾದಸ್ಥ!

"ಕುಂದರ್ರಿ ದೊಡ್ಡ ಭಾವ. ಚಹಾ ಕುಡಿಯೋದ್ರಾಗ ನಿಮ್ಮ ಹೆಸರು ಹೊಂಡತೈತಿ!"

ಬೋರ್ಡಿನ ಕೆಳಗೆ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದೆ. ಶಾರದಾ ಹೂವಿನ ಬುಟ್ಟಿ ಹೊತ್ತು ಬಂದವಳು ನೋಡಿ ನಿಂತಳು. "ನಡಿಯೋದನ್ನ ಯಾಕ ಬಿಚ್ಚತೀರಿ?" ಎಂದಳು. ಮಹತ್ಕಾರ್ಯದಲ್ಲಿರುವವನು ಇಂಥ ಮಾತಿಗೆ ಉತ್ತರ ಕೊಡುವುದಿಲ್ಲ. ವೀರಭದ್ರಪ್ಪನವರನ್ನು ಆ ಗೇಣಿನಲ್ಲಿ ಒತ್ತಿ ಒತ್ತಿ ತುಂಬಿದೆ. ಹಿಡಿಸಿತು! ಹಳೆಯದನ್ನು ಒರೆಸಿ, ಅದರ ಜಾಗದಲ್ಲೇ ಹೊಸದನ್ನು ಚಿಪ್ಪಿಗೆ ಬರೆಯಲು ಗುಂಡಿ ಒತ್ತಿದೆ. ಅರ್ಧ ಬರೆದಿತ್ತು.

ಕರೆಂಟು ಹೋಯಿತು.

ಜನರೇಟರು ಗುರ್ರೆಂದು ಎಚ್ಚರವಾಯಿತು, ದೀಪಗಳೆಲ್ಲ ಮರಳಿ ಬಂದವು. ಬ್ಯಾಟರಿ ಎಂದೋ ಸತ್ತಿದ್ದ ನನ್ನ ಲ್ಯಾಪ್‌ಟಾಪ್ ಮಾತ್ರ ಆರಿಹೋಗಿತ್ತು. ಅದು ಮತ್ತೆ ಏಳಬೇಕು, ಹಳೆಯದರ ಪ್ರತಿ ಇಟ್ಟುಕೊಂಡಿರಲಿಲ್ಲವಾದ್ದರಿಂದ ಮತ್ತೆ ಮೊದಲಿನಿಂದ ಎಲ್ಲರನ್ನೂ ಒತ್ತಿ ಹೊಂದಿಸಬೇಕು. ಊಟದ ಪಂಕ್ತಿ ಮುಗಿದರೂ ಅದು ಮುಗಿಯುವುದಿಲ್ಲ. ಬೋರ್ಡಿನಲ್ಲಿ ಹಳೆಯದು ಹೋಗಿತ್ತು, ಹೊಸದು ಬಂದಿರಲಿಲ್ಲ. ಒಂದು ಕ್ಷಣ ಕತ್ತಲು. ಆಮೇಲೆ, ನನ್ನ ಮುಂಜಾಗ್ರತೆ ಅಚ್ಚುಕಟ್ಟಾಗಿ ಕೆಲಸ ಮಾಡಿತು.

'ತಯಾರಿಕೆ: ಮಲ್ಲೇಶಪ್ಪ, ಹೂವಿನಹಡಗಲಿ.'

ಇಡೀ ಬಾಗಿಲ ಉದ್ದಕ್ಕೂ, ಮೊಳದುದ್ದದ ಅಕ್ಷರಗಳಲ್ಲಿ ನಾನು ಓಡತೊಡಗಿದೆ. ಕೂಡ್ಲಿಗಿಯಿಂದ ಬರುವವರಿಗೂ ಕಾಣುತ್ತಿದ್ದೆ.

ಬೀಗರ ಬಸ್ಸು ಬಂದದ್ದು ಆಗಲೇ. ಬಾಗಿಲ ಮುಂದೆ ನಿಂತಿತು. ಮುಂದಿನ ಸೀಟಿನಿಂದ ಹುಡುಗನ ಚಿಕ್ಕಪ್ಪ ತಲೆ ಹೊರಗೆ ಹಾಕಿ ಬೋರ್ಡು ಓದಿದರು. ಒಂದು ಸುತ್ತು, ಎರಡು ಸುತ್ತು.

"ಏಯ್, ಇದಲ್ಲ ಕಣಯ್ಯಾ!" ಎಂದು ಡ್ರೈವರಿಗೆ ಕೂಗಿದರು. "ಇಲ್ಲಿ ಯಾವನೋ ಮಲ್ಲೇಶಪ್ಪಂದು ನಡೀತಾ ಐತೆ. ಮುಂದಿನ ಮಂಟಪ ಇರಬೇಕು, ನಡಿ ನಡಿ!"

ಬಸ್ಸು ಹೋಯಿತು! ಮದುಮಗನನ್ನು ಒಳಗಿಟ್ಟುಕೊಂಡೇ ಹೋಯಿತು!

ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದ ಗಂಗಾ ಹಾಗೇ ನಿಂತಳು. ಖಾಲಿ ರಸ್ತೆಯನ್ನು ನೋಡಿದಳು, ಮೇಲೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ಅಣ್ಣ, ನನ್ನ ಮಗಳ ಲಗ್ನದಾಗ ನಿನ್ನ ಹೆಸರಾ?"

ಭಾವ ಮೋಟರ್ ಸೈಕಲ್ ಹತ್ತಿ ಬಸ್ಸಿನ ಬೆನ್ನು ಹತ್ತಿದರು. ವೀರಭದ್ರಪ್ಪನವರು ಮಾತ್ರ ತೃಪ್ತಿಯಿಂದ, "ಇವನಿಗೆ ಮಾತ್ರ ಜಾಗ ಐತಿ ನೋಡ್ರಿ!" ಎಂದರು.

ಗಂಗಾ ತಟ್ಟೆಯನ್ನು ಪಕ್ಕದವಳ ಕೈಗೆ ಕೊಟ್ಟಳು. "ಬರೇ ದೀಪ ಹತ್ತತಾವೋ ಇಲ್ಲೋ, ಅದನ್ನ ಹೇಳು. ಓಡೋದು ಬ್ಯಾಡ, ಕುಣಿಯೋದು ಬ್ಯಾಡ. ಹತ್ತತಾವಾ?"

"ಹತ್ತತಾವ" ಎಂದೆ. ದೀಪ ಪರೀಕ್ಷಿಸಲೆಂದು ಚಿಪ್ಪಿನ ಸುದ್ದಿಗೇ ಹೋಗದ ಒಂದು ಸಾದಾ ಸ್ವಿಚ್ಚು ಇತ್ತು.

"ಹಂಗಾರ ಹತ್ತಸು. ಬಾಯಿ ಮುಚ್ಚು. ವೈನೀ, ಹೂವು ಎಷ್ಟೈತಿ?"

"ಹೇಳಿದಷ್ಟು ಕಟ್ಟೀನಿ" ಎಂದಳು ಶಾರದಾ, "ಮ್ಯಾಲೆ ಒಂದು ಬುಟ್ಟಿ ಕೊಸರು ತಂದೀನಿ. ಲಗ್ನದ ಮನಿಗೆ ಅಳದು ತರತಾರೇನು?"

ಆಮೇಲೆ ನಡೆದದ್ದನ್ನು ನಾನು ಏಣಿ ಹಿಡಿದುಕೊಂಡು ನೋಡಿದೆ. ಏಣಿ ಹಿಡಿಯುವುದೂ ಒಂದು ತಾಂತ್ರಿಕ ಕೆಲಸವೇ. ಹಡಗಲಿಯಿಂದ ಬಂದಿದ್ದ ನಮ್ಮ ಓಣಿಯ ಹೆಂಗಸರೆಲ್ಲ ಸೀರೆ ಸೆರಗು ಸಿಕ್ಕಿಸಿ ನಿಂತರು. ಒಬ್ಬಳು ಮೇಲೆ, ಇಬ್ಬರು ಕೆಳಗೆ. ಮಲ್ಲಿಗೆಯ ಮಾಲೆ ಬಾಗಿಸಿ, ತಿರುಗಿಸಿ, ದೀಪಗಳ ನಡುವೆ ದಾರ ಸಿಕ್ಕಿಸಿ, ಹರಟೆ ಹೊಡೆಯುತ್ತಲೇ ಅಕ್ಷರ ಬರೆದರು. 'ಚೈತ್ರಾ – ಹಾಲೇಶ'. ಹಿಂದಿನಿಂದ ಬಿಳಿ ಬೆಳಕು, ಮುಂದೆ ಬಿಳಿ ಮಲ್ಲಿಗೆ. ದೀಪದ ಕಾವಿಗೆ ಮೊಗ್ಗು ಬಿರಿದು ಘಮ್ಮೆಂದು ವಾಸನೆ ರಸ್ತೆಗೆ ಹರಿಯಿತು. ಬೋರ್ಡು ವಾಸನೆ ಕೊಡುತ್ತಿತ್ತು! ಇದನ್ನು ಯಾವ ಚಿಪ್ಪೂ ಮಾಡಲಾರದು ಎಂದು ನಾನು ನಿಷ್ಪಕ್ಷಪಾತವಾಗಿ ಒಪ್ಪಿಕೊಂಡೆ.

ಮಿಕ್ಕ ಹೂವಿನಲ್ಲಿ ಶಾರದಾ ದಪ್ಪನೆಯ ಒಂದು ಹಾರ ಮಾಡಿ ವೀರಭದ್ರಪ್ಪನವರ ಕೊರಳಿಗೆ ಹಾಕಿದಳು. "ಬೋರ್ಡಿನ ಮ್ಯಾಲೆ ನೀವ್ಯಾಕ ಓಡಬೇಕು ದೊಡ್ಡ ಭಾವ? ಬಾಗಲದಾಗ ನೀವ ನಿಂದರ್ರಿ, ಬೀಗರನ್ನ ಕರ್ಕೊಳ್ರಿ."

ಅವರು ನಿಂತರು. ಬಸ್ಸು ತಿರುಗಿ ಬಂದಾಗ, ಹಾರ ಹಾಕಿಕೊಂಡು ಮೀಸೆ ತಿರುವುತ್ತ ಎಲ್ಲರಿಗಿಂತ ಮುಂದೆ ನಿಂತವರು ಅವರೇ. ಆ ಬೀಗರು, ಬೇರೆ ಮಂಟಪಕ್ಕೆ ಹೋಗಿ ಅಲ್ಲಿಯ ಪಾನಕ ಕುಡಿದು ಬಂದಿದ್ದರಿಂದ, ಸಿಟ್ಟಾಗುವ ಬದಲು ನಗುತ್ತ ಇಳಿದರು. ಹುಡುಗನ ಚಿಕ್ಕಪ್ಪ ತಲೆಯೆತ್ತಿ ಬಾಗಿಲು ನೋಡಿ ಹಾಗೇ ನಿಂತರು.

"ಭಾರಿ ಐತೆ ಕಣ್ರೀ ಬೋರ್ಡು! ಯಾರು ಮಾಡಿದ್ದು?"

ನಾನು ಏಣಿಯ ಹಿಂದೆ ಸರಿದೆ. ಆ ಸಂಜೆ ನನ್ನ ಹೆಸರು ಸಾಕಷ್ಟು ಪ್ರಚಾರ ಪಡೆದಾಗಿತ್ತು. ಆದರೆ ಗಂಗಾ ನನ್ನ ತೋಳು ಹಿಡಿದು ಮುಂದಕ್ಕೆ ಎಳೆದಳು. "ನಮ್ಮಣ್ಣ ಮಾಡ್ಯಾನ್ರೀ. ಹುಡುಗಿ ಸೋದರಮಾವ. ಎಲೆಕ್ಟ್ರಾನಿಕ್ಸ್ ಓದ್ಯಾನ." ಅವಳ ಮುಖದಲ್ಲಿ ಬೆಳಕಿತ್ತು. ಅದು ಬೋರ್ಡಿನದೇ ಇರಬೇಕು.

ಚಿಕ್ಕಪ್ಪ ತಿಳಿದವರು. "ಒಳಗೆ ಚಿಪ್ಪು ಇರಬೇಕಲ್ಲ? ಎಷ್ಟು ಗೇಟಿಂದು?"

"ಲಕ್ಷ" ಎಂದೆ.

"ಎಷ್ಟು ಕೆಲಸಕ್ಕೆ ಬಂದಾವೆ?"

ಶಾರದಾ ಪಕ್ಕದಲ್ಲೇ ಇದ್ದಳು. ಸುಳ್ಳು ಹೇಳಲಾಗಲಿಲ್ಲ.

"ಸದ್ಯಕ್ಕ ಒಂದೂ ಇಲ್ರಿ."

ಈಗ ಹರಪನಹಳ್ಳಿ ಕಡೆಯಿಂದ, ಹಗರಿಬೊಮ್ಮನಹಳ್ಳಿ ಕಡೆಯಿಂದ ನಮ್ಮ ಅಂಗಡಿಗೆ ಫೋನು ಬರುತ್ತಲೇ ಇರುತ್ತದೆ. ಅಂಥದೇ ಬೋರ್ಡು ಬೇಕಂತೆ. ಫೋನು ಎತ್ತುವವಳು ಶಾರದಾ. "ಆತು ರೀ, ಮಾಡಿಕೊಡ್ತೀವಿ. ಡಬ್ಬಿ ಬ್ಯಾಡಾ? ಆತು, ಡಬ್ಬಿ ಹಾಕಂಗಿಲ್ಲ" ಎಂದು ಹೇಳುವುದು ಕೇಳಿಸುತ್ತದೆ. ಡಬ್ಬಿ ಎಂದರೆ ನನ್ನ ಚಿಪ್ಪು. ನಾನು ಹಲಗೆ ಹೊರುತ್ತೇನೆ, ಏಣಿ ಹಿಡಿಯುತ್ತೇನೆ, ಸ್ವಿಚ್ಚು ಒತ್ತುತ್ತೇನೆ. ಇಷ್ಟು ಜವಾಬ್ದಾರಿ ಹರಪನಹಳ್ಳಿ ಲೈಟಿನವನಿಗೂ ಇಲ್ಲ.

ಮೊನ್ನೆ ಒಬ್ಬ ಮುದುಕಿ ಹೂವಿಗೆ ಬಂದಳು. ಶಾರದಾ ಮಾರು ಹಾಕಿ, ಅಲ್ಲಿಗೇ ದಾರಕ್ಕೆ ಕೈಯಿಟ್ಟಳು.

"ಯವ್ವಾ, ಕೊಸರು ಎಲ್ಲೈತಿ?" ಎಂದಳು ಮುದುಕಿ.

ಶಾರದಾ ನನ್ನ ಎಡಗಡೆಯ ಸಂಸ್ಥಾನದತ್ತ ಒಮ್ಮೆ ನೋಡಿದಳು. "ಕೊಸರು ಮಾರಿನಾಗ ಸೇರಿಸೇ ಅಳದೀನಿ ಅಜ್ಜಿ. ನಮ್ಮ ಯಜಮಾನ್ರು ಲಕ್ಷ ಗೇಟು ತಗೊಂಡು ಬಂದಾಗಿಂದ ನಾವೂ ಹಂಗ ಅಳಿಯಾಕತ್ತೀವಿ."

ನಾನು ಯಾರದೋ ಮಿಕ್ಸರಿನೊಳಗೆ ಬಹಳ ಆಳವಾಗಿ ಮುಖ ಹಾಕಿದೆ. ಹೂವಿನ ಕಡೆಯಿಂದ ಇಬ್ಬರೂ ನಗುವುದು ಕೇಳಿಸಿತು. ಆಮೇಲೆ ಒಂದು ಗೇಣು ಮುಂದೆ ಬಿಟ್ಟು ದಾರ ಹರಿದ ಸದ್ದು.

ಮುದುಕಿಗೆ ಕೊಸರು ಸಿಕ್ಕಿತು. ಮಿಕ್ಸರು ತಿರುಗಲಿಲ್ಲ.